ಬಿರುಕು

ಮಳೆಗಾಲದ ಒಂದು ಸಂಜೆ, ಮೈಸೂರಿನ ನಿವೃತ್ತ ಉಪಾಧ್ಯಾಯರೊಬ್ಬರ ಮನೆಯಂಗಳದಲ್ಲಿ ನಿಂತಿದ್ದ ಯೆಜ್ಡಿ ಮೋಟಾರುಸೈಕಲ್ಲು ಎಡಮಗ್ಗುಲಾಗಿ ನೆಲಕ್ಕುರುಳಿತು. ತಪ್ಪು ವಾಹನದ್ದಲ್ಲ, ಹಸಿಮಣ್ಣಿನ ಮೇಲೆ ಸ್ಟ್ಯಾಂಡು ಹಾಕಿ ಒಳಗೆ ಹೋದ ಮೇಷ್ಟರದು. ಬಿದ್ದ ಕಡೆ ಹಾಸುಗಲ್ಲೊಂದಿತ್ತು. ಎತ್ತಿ ನಿಲ್ಲಿಸಿದಾಗ ಎಂಜಿನಿನ ಎಡಮುಚ್ಚಳದಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

ಈ ಜಾತಿಯ ಎಂಜಿನನ್ನು ಬಲ್ಲವರಿಗೆ ಸಂಗತಿ ಒಡನೆಯೇ ತಿಳಿದೀತು. ಇದರಲ್ಲಿ ಗೇರು ಬದಲಾಯಿಸುವ ಲಿವರೂ ಕಿಕ್ ಮಾಡುವ ಲಿವರೂ ಒಂದೇ. ಅದನ್ನೇ ಮೇಲೆತ್ತಿ ಒದ್ದರೆ ಎಂಜಿನು ಹೊರಡುತ್ತದೆ, ಮುಂದಕ್ಕೆ ಇಳಿಸಿದರೆ ಗೇರಿನ ಕೆಲಸಕ್ಕೆ ನಿಲ್ಲುತ್ತದೆ. ಆ ಲಿವರಿನ ದಂಡ ಹೊರಬರುವುದು ಎಡಮುಚ್ಚಳದ ರಂಧ್ರದ ಮೂಲಕ. ಬಿದ್ದ ಭಾರವೆಲ್ಲ ಲಿವರಿನ ಮೇಲೆ ಕುಳಿತು, ರಂಧ್ರದ ಸುತ್ತಣ ಅಲ್ಯೂಮಿನಿಯಂ ಎರಕ ಎರಡು ಅಂಗುಲ ಸೀಳಿತ್ತು.

ವಾಹನ ಹುಟ್ಟಿದ್ದು ಅದೇ ಊರಿನಲ್ಲಿ. ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಚೆಕೊಸ್ಲೊವಾಕಿಯದ ಜಾವಾ ಬೈಕುಗಳನ್ನು ಇಲ್ಲಿ ತಯಾರಿಸತೊಡಗಿ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಮುಂದುವರಿಸಿ, 1996ರಲ್ಲಿ ಬಾಗಿಲು ಮುಚ್ಚಿತು. 2022ರಲ್ಲಿ ಆ ಹೆಸರು ಮರಳಿ ಬಂದಿತಾದರೂ ಹೊಸದು ನಾಲ್ಕು ಸ್ಟ್ರೋಕಿನ ಎಂಜಿನು. ಹೆಸರು ಒಂದೇ, ಗೋತ್ರ ಬೇರೆ. ಅದರ ಮುಚ್ಚಳ ಇದಕ್ಕೆ ಕೂಡುವ ಹಾಗಿಲ್ಲ. ಆದುದರಿಂದ ಹಳೆಯ ದಾಸ್ತಾನು ಕೂಡಿಟ್ಟವರು ಹೇಳಿದ್ದೇ ಬೆಲೆ. ಮೇಷ್ಟರು ವಿಚಾರಿಸಿದಾಗ ಅದು ಅವರ ತಿಂಗಳ ಪಿಂಚಣಿಯ ಮೂರನೆಯ ಒಂದು ಪಾಲಾಗಿತ್ತು. ಬೆಂಗಳೂರಿನಿಂದ ಮಗ, “ಅಪ್ಪಾ, ಹೊಸದನ್ನೇ ತರಿಸಿಕೊಳ್ಳಿ, ಹಣ ನಾನು ಕಳುಹಿಸುತ್ತೇನೆ” ಎಂದನು.

ಹಣವೊಂದೇ ಆಗಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಗಾಡಿ ಮೇಷ್ಟರ ಅಣ್ಣನದು. ಆತ ಎಂಜಿನು ಬಿಚ್ಚಿದಾಗಲೆಲ್ಲ ಮುಚ್ಚಳದ ಒಳಮೈಯಲ್ಲಿ ಮೊಳೆಯಿಂದ ತಾರೀಖು ಗೀಚುತ್ತಿದ್ದನು. 1987ರಿಂದ ಮೊದಲಾಗಿ ಏಳು ತಾರೀಖುಗಳು, ಕಡೆಯದು 2009. ಮರುವರ್ಷ ಆತ ತೀರಿಕೊಂಡನು. ಕಾಗದದ ಮೇಲೆ ಆತನ ಅಕ್ಷರ ಆ ಮನೆಯಲ್ಲಿ ಉಳಿದಿರಲಿಲ್ಲ. ಮನೆ ಬದಲಾಯಿಸುವಾಗ ಪತ್ರಗಳು ಹೋದವು.

ಮೇಷ್ಟರು ಮುಚ್ಚಳವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಪರಿಚಯದ ವೆಲ್ಡಿಂಗ್ ಸಾಬರಲ್ಲಿಗೆ ಹೋದರು. ಸಾಬರು ಬಹಳ ಹೊತ್ತು ತಿರುವಿ ನೋಡಿದರು.

“ಕಬ್ಬಿಣವಾದರೆ ಕೆಂಪಾಗಿ ಹೇಳುತ್ತದೆ, ಮೇಷ್ಟ್ರೇ. ಇದು ಹೇಳುವುದಿಲ್ಲ. ನೋಡುತ್ತಿರುವಾಗಲೇ ಕುಸಿದುಹೋಗುತ್ತದೆ.”

ಮಾತು ನಿಜ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಅದರ ಮೈಮೇಲಿನ ಆಕ್ಸೈಡಿನ ತೆಳುಪೊರೆಯೋ 2000 ಡಿಗ್ರಿ ದಾಟಿದರೂ ಕರಗದು. ಒಳಗಿನದು ನೀರಾದ ಮೇಲೂ ಹೊರಗಿನದು ಮರ್ಯಾದೆ ಕಾಯುತ್ತಿರುತ್ತದೆ. ಅದರ ಮೇಲೆ ಎರಕದ ಸಣ್ಣ ರಂಧ್ರಗಳಲ್ಲಿ ಮೂವತ್ತು ವರ್ಷಕ್ಕೂ ಮೀರಿದ ಎಣ್ಣೆ ಹೊಕ್ಕಿರುತ್ತದೆ.

“ಒಳಗಡೆಯಿಂದಲೂ ಬೆಸೆಯಬೇಕು,” ಎಂದು ಸಾಬರು ಒಂದು ತಾರೀಖಿನ ಮೇಲೆ ಬೆರಳಿಟ್ಟರು. “ಇದು ಹೋಗುತ್ತದೆ.”

ಅದು 1991ರದು. ಆ ವರ್ಷವೇ ಅಣ್ಣ ಮೇಷ್ಟರನ್ನು ಹಿಂದೆ ಕೂರಿಸಿಕೊಂಡು ಕೆಲಸದ ಸಂದರ್ಶನಕ್ಕೆ ಹಾಸನದವರೆಗೆ ಕರೆದೊಯ್ದದ್ದು. ಮೇಷ್ಟರು ತುಸುಹೊತ್ತು ಸುಮ್ಮನಿದ್ದರು. ಬಳಿಕ, “ಆಗಲಿ, ಸಾಬರೇ. ಉಳಿದ ಆರಾದರೂ ನಿಲ್ಲಲಿ” ಎಂದರು.

ಕೆಲಸ ಎರಡು ದಿನ ಹಿಡಿಯಿತು. ಮುಚ್ಚಳವನ್ನು ಪೆಟ್ರೋಲಿನಲ್ಲಿ ತೊಳೆದು, ಬಿಸಿಮಾಡಿ, ಬೆವರಿದ ಎಣ್ಣೆಯನ್ನು ಒರೆಸಿ, ಮತ್ತೆ ಬಿಸಿಮಾಡಿದರು. ಬಿರುಕು ಮುಂದೆ ಓಡದಂತೆ ಅದರ ತುದಿಗೆ ಸಣ್ಣ ರಂಧ್ರ ಕೊರೆದು, ಉದ್ದಕ್ಕೂ ಅರದಿಂದ ಕಾಲುವೆ ತೆಗೆದರು. ಕಾವಿಗೆ ಸೊಟ್ಟಗಾಗದಿರಲೆಂದು ದಪ್ಪ ಕಬ್ಬಿಣದ ಹಲಗೆಗೆ ಬೋಲ್ಟು ಹಾಕಿ ಬಿಗಿದರು. ಆಮೇಲೆ ಮಾಡಿದ್ದೇ ಸೊಗಸು: ಆಮ್ಲಜನಕ ಬಿಡದೆ ಬರಿಯ ಅಸಿಟಲಿನ್ ಉರಿಯಿಂದ ಲೋಹಕ್ಕೆ ಮಸಿ ಹಿಡಿಸಿ, ಬಳಿಕ ಸರಿಯಾದ ಉರಿಯಿಂದ ಕಾಯಿಸಿದರು. ಮಸಿ ಸುಟ್ಟು ಮಾಯವಾದೊಡನೆ ಕಾವು ಸಾಕೆಂದು ತಿಳಿದು ಉರಿ ತೆಗೆದರು. ಲೋಹ ತಾನಾಗಿ ಹೇಳದುದನ್ನು ಮಸಿಯಿಂದ ಹೇಳಿಸಿದ ಹಾಗಾಯಿತು. ಆ ಕಾವಿನಲ್ಲಿಯೇ ಆರ್ಗಾನ್ ವಾಯುವಿನ ಮರೆಯಲ್ಲಿ ವಿದ್ಯುತ್ತಿನ ಉರಿ ಹಿಡಿದು, ಸಿಲಿಕಾನ್ ಬೆರೆತ ಅಲ್ಯೂಮಿನಿಯಂ ಕಡ್ಡಿಯನ್ನು ಹನಿಹನಿಯಾಗಿ ಇಳಿಸಿದರು.

ಮಾರನೆಯ ದಿನ, ದಪ್ಪ ಗಾಜಿನ ಮೇಲೆ ಉಪ್ಪುಕಾಗದ ಹಾಸಿ ಮುಚ್ಚಳದ ಅಂಚನ್ನು ಉಜ್ಜಿ ಸಮ ಮಾಡಿದರು. ಬಿಗಿಯಾಗಿದ್ದ ರಂಧ್ರವನ್ನು ರೀಮರಿನಿಂದ ಸವರಿದರು. ಬೆಸುಗೆಯ ಹೊರಮೈಗೆ ಸೀಮೆಸುಣ್ಣ ಬಳಿದು, ಒಳಗೆ ಸೀಮೆಎಣ್ಣೆ ಸುರಿದಿಟ್ಟರು. ಕೂದಲೆಳೆಯಷ್ಟು ಸೀಳು ಉಳಿದಿದ್ದರೂ ಸುಣ್ಣ ನೆನೆದು ಕಪ್ಪಾಗಬೇಕು. ಮೇಷ್ಟರು ಸ್ಟೂಲಿನ ಮೇಲೆ ಕುಳಿತು, ಪರೀಕ್ಷೆಯ ಕೊಠಡಿಯಲ್ಲಿ ಮೇಲ್ವಿಚಾರಣೆಗೆ ನಿಂತವರಂತೆ, ಒಂದು ಗಂಟೆ ಆ ಬಿಳುಪನ್ನೇ ನೋಡುತ್ತಿದ್ದರು. ಬಿಳುಪು ಬಿಳುಪಾಗಿಯೇ ಉಳಿಯಿತು.

ಸಾಬರು ಕೇಳಿದ ಕೂಲಿ ಹೊಸದರ ಬೆಲೆಯ ಹತ್ತನೆಯ ಒಂದು ಪಾಲೂ ಆಗಲಿಲ್ಲ. ಮೇಷ್ಟರು ಹೆಚ್ಚಾಗಿ ಕೊಡಹೋದರೆ ಅವರು ಚಿಲ್ಲರೆಯನ್ನು ಎಣಿಸಿ ಹಿಂದಕ್ಕೆ ಕೊಟ್ಟರು.

ಈಗ ಗಾಡಿ ನಿಲ್ಲುವ ಜಾಗದಲ್ಲಿ ಸ್ಟ್ಯಾಂಡಿನ ಕೆಳಗೆ ಹಲಸಿನ ಹಲಗೆಯೊಂದಿದೆ. ಮಳೆ ಬಂದ ರಾತ್ರಿ ಮೇಷ್ಟರು ಎದ್ದುಹೋಗಿ ಅದನ್ನೊಮ್ಮೆ ಕಾಲಿನಿಂದ ಒತ್ತಿ ನೋಡಿ ಬರುತ್ತಾರೆ.