ಹಿಂದಿನ ಕಾರು ಮುಂದೆ ಹೋಗುವುದೆಂತು?

ಫಾರ್ಮುಲಾ ಒನ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ನೆನಪಿಗೆ ಬರುವುದು ವೇಗ, ಹಣ ಮತ್ತು ಕಿವಿಗಡಚಿಕ್ಕುವ ಸದ್ದು. ಆದರೆ ಆ ಹೆಸರಿನಲ್ಲಿ ಈ ಮೂರೂ ಇಲ್ಲ. ಫಾರ್ಮುಲಾ ಎಂದರೆ ಇಲ್ಲಿ ನಿಯಮಾವಳಿ. ಕಾರು ಎಷ್ಟು ಅಗಲವಿರಬೇಕು, ಎಷ್ಟು ತೂಗಬೇಕು, ಇಂಜಿನ್ ಎಷ್ಟು ದೊಡ್ಡದಿರಬೇಕು ಎಂಬುದನ್ನೆಲ್ಲ ಹೇಳುವ ಕಟ್ಟಳೆ. ಆ ಕಟ್ಟಳೆಯನ್ನು ಒಪ್ಪಿದವರ ಸ್ಪರ್ಧೆಗೆ ಅದರದೇ ಹೆಸರು. ಕ್ರಿಕೆಟಿನಲ್ಲೂ ಬ್ಯಾಟು ಹೇಗಿರಬೇಕೆಂಬ ನಿಯಮವಿದೆ. ಆದರೆ ಪಂದ್ಯ ನೋಡುವಾಗ ನಾವು ಅದನ್ನು ನೆನೆಯುವುದಿಲ್ಲ. ಕಾರಿನ ರೇಸಿನಲ್ಲಿ ಹಾಗಲ್ಲ. 1950ರಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್ ಶುರುವಾದಂದಿನಿಂದಲೂ, ರೇಸ್ ರೋಚಕವಾಗುವುದೋ ಆಕಳಿಕೆ ತರಿಸುವುದೋ ಎಂಬುದು ಬಹುಮಟ್ಟಿಗೆ ಮೊದಲೇ, ಕಾಗದದ ಮೇಲೆ ತೀರ್ಮಾನವಾಗಿರುತ್ತದೆ.

ಇದು ನನಗೆ ಮನದಟ್ಟಾದದ್ದು ಪುಸ್ತಕದಿಂದಲ್ಲ. ನಮ್ಮ ಕರಾವಳಿಯ ಅನೇಕರಂತೆ ನಾನೂ ಕೆಲವು ವರ್ಷ ಬಹ್ರೈನ್‌ನಲ್ಲಿ ದುಡಿದವನು. ಅಲ್ಲಿನ ಸಖೀರ್ ಮರುಭೂಮಿಯಲ್ಲಿ 2004ರಿಂದ ಗ್ರ್ಯಾನ್ ಪ್ರಿ ನಡೆಯುತ್ತಿದೆ. ಮಧ್ಯಪ್ರಾಚ್ಯದಲ್ಲಿ ನಡೆದ ಮೊದಲ ಫಾರ್ಮುಲಾ ಒನ್ ರೇಸ್ ಅದು. 2010ರ ಮಾರ್ಚ್‌ನಲ್ಲಿ ಊರಿನ ಗೆಳೆಯನೊಬ್ಬನ ಜೊತೆ ಆ ರೇಸ್ ನೋಡಲು ಹೋಗಿದ್ದೆ. ಅವನು ಮನಾಮದಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಮೊದಲ ಹತ್ತು ಸುತ್ತು ಇಬ್ಬರೂ ಕುತೂಹಲದಿಂದ ನೋಡಿದೆವು. ಆಮೇಲೆ ಕಾರುಗಳು ದಾರದಲ್ಲಿ ಪೋಣಿಸಿದ ಮಣಿಗಳಂತೆ ಒಂದರ ಹಿಂದೊಂದು ಸುತ್ತತೊಡಗಿದವು. ಯಾರೂ ಯಾರನ್ನೂ ದಾಟುವಂತಿರಲಿಲ್ಲ. ಮುಂದಿದ್ದ ವೆಟೆಲ್‌ನ ಕಾರು ಇಂಜಿನ್ ತೊಂದರೆಯಿಂದ ನಿಧಾನವಾದ ಕಾರಣ ಅಲೋನ್ಸೊ ಗೆದ್ದ. ಅಷ್ಟೇ.

“ಅಲ್ಲ ಮಾರಾಯಾ, ಹಿಂದಿನವನು ಇಷ್ಟು ಹತ್ತಿರ ಬಂದಿದ್ದಾನೆ. ಓವರ್‌ಟೇಕ್ ಮಾಡ್ಲಿಕ್ಕೆ ಅವನಿಗೆ ಎಂಥ ತೊಂದರೆ?” ಎಂದು ಗೆಳೆಯ ಕೇಳಿದ. ದಿನವೂ ಟ್ಯಾಂಕರಿನಲ್ಲಿ ಹತ್ತಾರು ವಾಹನಗಳನ್ನು ದಾಟಿ ಹೋಗುವವನ ಪ್ರಶ್ನೆ ಅದು. ತಮಾಷೆಯ ಪ್ರಶ್ನೆಯಂತೆ ಕಂಡರೂ ಈ ಕ್ರೀಡೆ ದಶಕಗಳಿಂದ ಉತ್ತರ ಹುಡುಕುತ್ತಿರುವುದು ಇದಕ್ಕೇ.

ತೊಂದರೆ ಇರುವುದು ಗಾಳಿಯಲ್ಲಿ. ವಿಮಾನದ ರೆಕ್ಕೆ ಗಾಳಿಯನ್ನು ಬಳಸಿ ಮೇಲಕ್ಕೆತ್ತುತ್ತದೆ. ಅದೇ ರೆಕ್ಕೆಯನ್ನು ಮಗುಚಿ ಕಾರಿಗೆ ಕಟ್ಟಿದರೆ ಅದು ಕಾರನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. 1968ರ ಹೊತ್ತಿಗೆ ಫಾರ್ಮುಲಾ ಒನ್ ಕಾರುಗಳಿಗೆ ರೆಕ್ಕೆ ಬಂತು. ಈ ಒತ್ತಡ ಹೆಚ್ಚಿದಷ್ಟೂ ಟೈರು ರಸ್ತೆಯನ್ನು ಬಿಗಿಯಾಗಿ ಕಚ್ಚುತ್ತದೆ, ತಿರುವಿನಲ್ಲಿ ವೇಗ ತಗ್ಗಿಸಬೇಕಾದದ್ದು ಕಡಿಮೆಯಾಗುತ್ತದೆ. ಆದರೆ ಹೀಗೆ ಗಾಳಿಯನ್ನು ಸೀಳಿ ಹೋದ ಕಾರು ತನ್ನ ಹಿಂದೆ ಕಲಕಿದ ಗಾಳಿಯನ್ನು ಬಿಟ್ಟು ಹೋಗುತ್ತದೆ. ಹಿಂದಿನ ಕಾರಿನ ರೆಕ್ಕೆಗೆ ಸಿಗುವುದು ಅದೇ ಗಾಳಿ. ಹತ್ತಿರ ಹೋದಷ್ಟೂ ಹಿಡಿತ ತಪ್ಪುತ್ತದೆ, ಟೈರು ಜಾರಿ ಬಿಸಿಯೇರುತ್ತದೆ, ಬೇಗ ಸವೆಯುತ್ತದೆ. ಒಂಟಿಯಾಗಿ ಓಡಿದರೆ ಮುಂದಿನವನಿಗಿಂತ ವೇಗವಾಗಿರುವ ಕಾರು ಕೂಡ ಅವನ ಬೆನ್ನಿಗೆ ಬಂದಾಗ ನಿಧಾನವಾಗುತ್ತದೆ. ಕಾರನ್ನು ಉತ್ತಮಗೊಳಿಸಿದ ವಿದ್ಯೆಯೇ ಸ್ಪರ್ಧೆಯನ್ನು ಕೆಡಿಸುವುದೆಂದರೆ ಇದೇ.

2010ರಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರಿತ್ತು. ಆ ವರ್ಷದಿಂದ ರೇಸಿನ ನಡುವೆ ಇಂಧನ ತುಂಬುವುದನ್ನು ನಿಷೇಧಿಸಲಾಯಿತು. ಟೈರುಗಳೋ ಗಟ್ಟಿಯಾಗಿದ್ದವು. ಹಾಗಾಗಿ ಹೆಚ್ಚಿನವರು ಒಮ್ಮೆ ಮಾತ್ರ ನಿಂತು ಟೈರು ಬದಲಿಸಿದರು. ಎಲ್ಲರ ಲೆಕ್ಕಾಚಾರ ಒಂದೇ ಆದಾಗ ಫಲಿತಾಂಶವೂ ಹೊರಟ ಸಾಲಿನಂತೆಯೇ ಇರುತ್ತದೆ. ಅದೇ ವರ್ಷ ನವೆಂಬರ್‌ನಲ್ಲಿ ಅಬುಧಾಬಿಯ ಕೊನೆಯ ರೇಸಿನಲ್ಲಿ ಅಲೋನ್ಸೊ, ವಿಟಾಲಿ ಪೆಟ್ರೊವ್ ಎಂಬ ಹೊಸಬನ ಹಿಂದೆ ಸಿಲುಕಿ, ಸುತ್ತುಗಟ್ಟಲೆ ಪ್ರಯತ್ನಿಸಿದರೂ ದಾಟಲಾಗದೆ ವಿಶ್ವ ಪ್ರಶಸ್ತಿಯನ್ನೇ ಕಳೆದುಕೊಂಡ.

ಮರುವರ್ಷ, 2011ರಲ್ಲಿ, ಎರಡು ಬದಲಾವಣೆಗಳು ಬಂದವು. ಹೊಸದಾಗಿ ಟೈರು ಪೂರೈಸಲು ಬಂದ ಪಿರೆಲ್ಲಿ ಕಂಪೆನಿಗೆ ಬೇಗ ಸವೆಯುವ ಟೈರು ಮಾಡಿಕೊಡಲು ಹೇಳಲಾಯಿತು. ಇನ್ನೊಂದು ಡಿಆರ್‌ಎಸ್. ನಿಗದಿತ ಜಾಗದಲ್ಲಿ ಮುಂದಿನ ಕಾರಿಗಿಂತ ಒಂದು ಸೆಕೆಂಡಿನೊಳಗೆ ಇರುವವನು ತನ್ನ ಹಿಂದಿನ ರೆಕ್ಕೆಯ ಪಟ್ಟಿಯನ್ನು ತೆರೆಯಬಹುದು. ಗಾಳಿಯ ತಡೆ ತಗ್ಗಿ, ನೇರ ರಸ್ತೆಯಲ್ಲಿ ವೇಗ ಹೆಚ್ಚುತ್ತದೆ. ಮುಂದಿನವನಿಗೆ ಆ ಅವಕಾಶವಿಲ್ಲ.

ಓವರ್‌ಟೇಕ್‌ಗಳ ಸಂಖ್ಯೆ ಹೆಚ್ಚಿತು, ನಿಜ. ಆದರೆ ನನ್ನೊಳಗೆ ಒಂದು ಕಸಿವಿಸಿ ಉಳಿಯಿತು. ಒಬ್ಬನಿಗೆ ಗುಂಡಿ ಒತ್ತುವ ಹಕ್ಕು, ಇನ್ನೊಬ್ಬನಿಗೆ ಕೈಕಟ್ಟಿ ಕೂರುವ ಪಾಡು. ಇದನ್ನು ಸ್ಪರ್ಧೆ ಎನ್ನಬಹುದೇ? ಕಲಕಿದ ಗಾಳಿಯಿಂದ ಹಿಂದಿನವನಿಗಾದ ನಷ್ಟವನ್ನು ತುಂಬಿಕೊಡುವ ಪರಿಹಾರ ಅದು ಎಂಬ ಸಮರ್ಥನೆ ಇದೆ. ಆ ಸಮರ್ಥನೆಯಲ್ಲಿ ಹುರುಳಿದೆ. ಆದರೆ ನೇರ ರಸ್ತೆಯ ನಡುವಿನಲ್ಲೇ, ಹೆದ್ದಾರಿಯಲ್ಲಿ ಬಸ್ಸು ಲಾರಿಯನ್ನು ದಾಟುವಂತೆ ಒಂದು ಕಾರು ಇನ್ನೊಂದನ್ನು ದಾಟಿ ಹೋದಾಗ ಯಾರ ಎದೆಯೂ ಡವಗುಟ್ಟುವುದಿಲ್ಲ. ಪರಿಹಾರ ನಷ್ಟದಷ್ಟೇ ಇದ್ದರೆ ನ್ಯಾಯ. ಹೆಚ್ಚಾದರೆ ಅದು ಮುಂದಿನವನಿಗೆ ವಿಧಿಸಿದ ದಂಡ.

ಅದೇ ಸಖೀರ್, 2014. ಈ ಬಾರಿ ರೇಸ್ ರಾತ್ರಿ, ದೀಪಗಳ ಬೆಳಕಿನಲ್ಲಿ. ಒಂದೇ ಮರ್ಸಿಡಿಸ್ ತಂಡದ ಹ್ಯಾಮಿಲ್ಟನ್ ಮತ್ತು ರೋಸ್‌ಬರ್ಗ್ ಮುಂದಿದ್ದರು. ಸುರಕ್ಷಾ ಕಾರು ಬಂದು ಹೋದ ಮೇಲೆ ಸುಮಾರು ಹತ್ತು ಸುತ್ತು ಉಳಿದಿತ್ತು. ಹ್ಯಾಮಿಲ್ಟನ್ ಕಾರಿನಲ್ಲಿ ತುಸು ಗಟ್ಟಿಯಾದ, ಆದ್ದರಿಂದ ನಿಧಾನದ ಟೈರು. ರೋಸ್‌ಬರ್ಗ್ ಬಳಿ ಮೆದುವಾದ, ವೇಗದ ಟೈರು. ದಾಟುವುದು, ಮರುಕ್ಷಣ ತಿರುಗಿ ದಾಟಿಸಿಕೊಳ್ಳುವುದು, ಚಕ್ರಕ್ಕೆ ಚಕ್ರ ತಾಗೀತೆಂಬಷ್ಟು ಹತ್ತಿರ. ಕೊನೆಗೆ ಸುಮಾರು ಒಂದು ಸೆಕೆಂಡಿನ ಅಂತರದಲ್ಲಿ ಹ್ಯಾಮಿಲ್ಟನ್ ಗೆದ್ದ. 2010ರಲ್ಲಿ ಬೇಸತ್ತಿದ್ದ ನನ್ನ ಗೆಳೆಯ ಅಂದು ಕೂತ ಜಾಗದಲ್ಲಿ ಕೂರಲಿಲ್ಲ. ಮರಳು ಅದೇ, ದೇಶ ಅದೇ. ಬದಲಾಗಿದ್ದು ನಿಯಮ ಮತ್ತು ಟೈರು.

ಆದರೆ ಆ ಒಂದು ರಾತ್ರಿಯಿಂದ ಇಡೀ ವರ್ಷವನ್ನು ಅಳೆಯಬಾರದು. 2014ರಲ್ಲಿ 1.6 ಲೀಟರಿನ ಟರ್ಬೊ ಹೈಬ್ರಿಡ್ ಇಂಜಿನ್ ಕಡ್ಡಾಯವಾಯಿತು. ಅದನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿದ್ದು ಮರ್ಸಿಡಿಸ್. 19 ರೇಸುಗಳಲ್ಲಿ 16 ಅವರ ಪಾಲಾದವು. ಮುಂದೆ 2020ರವರೆಗೆ ಚಾಲಕರ ಪ್ರಶಸ್ತಿ ಆ ತಂಡದ ಹೊರಗೆ ಹೋಗಲಿಲ್ಲ. ನಿಯಮ ಬದಲಾದಾಗಲೆಲ್ಲ ಹೀಗಾಗುವ ಸಂಭವ ಹೆಚ್ಚು. ಒಬ್ಬರು ಗುಟ್ಟು ಹಿಡಿಯುತ್ತಾರೆ, ಉಳಿದವರು ವರ್ಷಗಟ್ಟಲೆ ಬೆನ್ನಟ್ಟುತ್ತಾರೆ. ನಿಯಮ ಬಹುಕಾಲ ಹಾಗೆಯೇ ಉಳಿದರೆ ಎಲ್ಲರೂ ಕಲಿತು ಹತ್ತಿರವಾಗುತ್ತಾರೆ. ಆಗ ಮತ್ತೆ ಹೊಸ ನಿಯಮ ಬರುತ್ತದೆ!

ನಿಯಮ ಬರೆಯುವವರಿಗೂ ಇಂಜಿನಿಯರುಗಳಿಗೂ ನಡುವೆ ನಡೆಯುವ ರೇಸ್ ಚಾಲಕರ ರೇಸಿಗಿಂತ ಹಳೆಯದು. ಇವರು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುತ್ತಾರೆ. 1970ರ ದಶಕದ ಕೊನೆಯಲ್ಲಿ ಲೋಟಸ್ ತಂಡದ ಕಾಲಿನ್ ಚಾಪ್ಮನ್ ಮತ್ತು ಸಂಗಡಿಗರು ಕಾರಿನ ತಳವನ್ನೇ ರೆಕ್ಕೆಯಂತೆ ರೂಪಿಸಿದರು. 1978ರಲ್ಲಿ ಮಾರಿಯೊ ಆಂಡ್ರೆಟಿ ಅದರಲ್ಲಿ ಚಾಂಪಿಯನ್ ಆದ. ಅದೇ ವರ್ಷ ಬ್ರಾಭಮ್ ತಂಡ ಕಾರಿನ ಹಿಂದೆ ದೊಡ್ಡ ಫ್ಯಾನು ಕಟ್ಟಿ ತಂದಿತು. ಇಂಜಿನ್ ತಣ್ಣಗಿಡಲು ಎಂಬ ಸಮಜಾಯಿಷಿ ಬೇರೆ. ನಿಜದಲ್ಲಿ ಅದು ತಳದ ಗಾಳಿಯನ್ನು ಹೀರಿ ಕಾರನ್ನು ನೆಲಕ್ಕೆ ಅಂಟಿಸುತ್ತಿತ್ತು. ಸ್ವೀಡನ್ನಿನಲ್ಲಿ ನಿಕಿ ಲೌಡಾ ಅದರಲ್ಲಿ ಗೆದ್ದ. ಮತ್ತೆಂದೂ ಆ ಕಾರು ರೇಸಿಗಿಳಿಯಲಿಲ್ಲ. ತಿರುವಿನ ವೇಗ ಅಪಾಯದ ಮಟ್ಟ ಮುಟ್ಟಿದಾಗ, 1983ರಿಂದ ಕಾರಿನ ತಳ ಚಪ್ಪಟೆಯಾಗಿರಬೇಕೆಂಬ ನಿಯಮ ಬಂತು.

ಇಲ್ಲಿ ನಾವು ಮರೆಯಬಾರದ ಮಾತೊಂದಿದೆ. ಎಲ್ಲ ನಿಯಮಗಳೂ ಪ್ರೇಕ್ಷಕನ ರಂಜನೆಗಾಗಿ ಬಂದವಲ್ಲ. 1994ರಲ್ಲಿ ಇಮೋಲದಲ್ಲಿ ಎರಡೇ ದಿನಗಳಲ್ಲಿ ರೋಲಾಂಡ್ ರಾಟ್ಜೆನ್‌ಬರ್ಗರ್ ಮತ್ತು ಐರ್ಟನ್ ಸೆನ್ನಾ ತೀರಿಕೊಂಡ ಮೇಲೆ ಕಾರುಗಳ ವೇಗಕ್ಕೆ ಕಡಿವಾಣ ಬಿತ್ತು. 2018ರಲ್ಲಿ ಚಾಲಕನ ತಲೆಯ ಸುತ್ತ ಹೇಲೊ ಎಂಬ ಲೋಹದ ಕಮಾನು ಕಡ್ಡಾಯವಾದಾಗ, ಕಾರಿನ ಚೆಲುವು ಹೋಯಿತು, ಸಾಹಸದ ರೋಮಾಂಚನ ಹೋಯಿತು ಎಂದು ಹಲಬುವವರು ಬಹಳ ಮಂದಿ ಇದ್ದರು. 2020ರ ನವೆಂಬರ್ 29ರಂದು, ನಾನು ಕೂತು ನೋಡಿದ ಅದೇ ಸಖೀರ್‌ನಲ್ಲಿ, ರೊಮೇನ್ ಗ್ರೋಜೀನ್‌ನ ಕಾರು ತಡೆಬೇಲಿಗೆ ನುಗ್ಗಿ, ಎರಡು ತುಂಡಾಗಿ ಹೊತ್ತಿ ಉರಿಯಿತು. ಸುಮಾರು 28 ಸೆಕೆಂಡು ಬೆಂಕಿಯಲ್ಲಿದ್ದ ಆತ ತಾನೇ ಎದ್ದು ಹೊರಬಂದ. ಕಬ್ಬಿಣದ ಬೇಲಿಗೆ ತಲೆ ಬಡಿಯದಂತೆ ಕಾದದ್ದು ಆ ಕಮಾನು. ಮೊದಲು ಅದನ್ನು ವಿರೋಧಿಸಿದ್ದವರಲ್ಲಿ ಗ್ರೋಜೀನ್ ಕೂಡ ಒಬ್ಬ. ಆಸ್ಪತ್ರೆಯಿಂದಲೇ ಆತ ಅದನ್ನು ಹೊಗಳಿದ. ಊರಿನ ಮನೆಯಲ್ಲಿ ಟಿವಿ ಮುಂದೆ ಕೂತಿದ್ದ ನನಗೆ ಆ ಜ್ವಾಲೆ ಕಂಡ ಮೇಲೆ ಅಪಾಯವೇ ರೋಚಕತೆ ಎಂಬ ವಾದದಲ್ಲಿ ನಂಬಿಕೆ ಉಳಿದಿಲ್ಲ.

ಇನ್ನು ರೋಚಕತೆಯನ್ನು ನ್ಯಾಯಕ್ಕಿಂತ ಮೇಲೆ ಇಟ್ಟರೆ ಏನಾಗುತ್ತದೆ? 2021ರ ಡಿಸೆಂಬರ್ 12ರ ಅಬುಧಾಬಿ ಅದಕ್ಕೆ ಸಾಕ್ಷಿ. ಹ್ಯಾಮಿಲ್ಟನ್ ಮತ್ತು ವರ್ಸ್ಟಾಪನ್ ಇಬ್ಬರೂ ತಲಾ 369.5 ಅಂಕಗಳೊಂದಿಗೆ ಕೊನೆಯ ರೇಸಿಗೆ ಬಂದಿದ್ದರು. ಕೊನೆಯ ಸುತ್ತುಗಳಲ್ಲಿ ಬೇರೊಬ್ಬನ ಕಾರು ಅಪಘಾತಕ್ಕೀಡಾಗಿ ಸುರಕ್ಷಾ ಕಾರು ಬಂತು. ಮುಂದಿದ್ದ ಹ್ಯಾಮಿಲ್ಟನ್‌ಗೆ ಹಳೆಯ ಟೈರು, ಬದಲಿಸಿಕೊಂಡ ವರ್ಸ್ಟಾಪನ್‌ಗೆ ಹೊಸದು. ಇಬ್ಬರ ನಡುವೆ ಸುತ್ತು ಹಿಂದೆ ಬಿದ್ದಿದ್ದ ಐದು ಕಾರುಗಳಿದ್ದವು. ರೇಸ್ ನಿರ್ದೇಶಕ ಮೈಕಲ್ ಮಾಸಿ ಆ ಐದಕ್ಕೆ ಮಾತ್ರ ಮುಂದೆ ಹೋಗಲು ಬಿಟ್ಟು, ಒಂದೇ ಸುತ್ತು ಬಾಕಿ ಇರುವಾಗ ರೇಸ್ ಮತ್ತೆ ಶುರು ಮಾಡಿಸಿದರು. ವರ್ಸ್ಟಾಪನ್ ದಾಟಿದ, ಚಾಂಪಿಯನ್ ಆದ.

ನನ್ನ ತಂಗಿಯ ಮಗ ಸೋಫಾದಿಂದ ಹಾರಿ, “ಮಾಮ, ಇಂಥ ರೇಸ್ ಇನ್ನು ಬರ್ಲಿಕ್ಕಿಲ್ಲ!” ಎಂದು ಕುಣಿದ. ಅರ್ಧ ಗಂಟೆಯ ಬಳಿಕ ಅವನೇ ಬಂದು, “ಮಾಮ, ಐದೇ ಕಾರಿಗೆ ಯಾಕೆ ಬಿಟ್ಟದ್ದು? ಉಳಿದವರಿಗೆ ಯಾಕಿಲ್ಲ?” ಎಂದು ಕೇಳಿದ. ನನಗೆ ಆ ಎರಡನೆಯ ಪ್ರಶ್ನೆ ಮೊದಲ ಕುಣಿತಕ್ಕಿಂತ ಹೆಚ್ಚು ಇಷ್ಟವಾಯಿತು. ಜಾಗತಿಕ ಮೋಟಾರು ಒಕ್ಕೂಟ ತನಿಖೆ ನಡೆಸಿ, ಅದು ಮಾನವ ದೋಷವೆಂದು 2022ರ ಮಾರ್ಚ್‌ನಲ್ಲಿ ಹೇಳಿತು. ಅದಕ್ಕೆ ಮೊದಲೇ ಮಾಸಿಯನ್ನು ಆ ಸ್ಥಾನದಿಂದ ತೆಗೆಯಲಾಗಿತ್ತು. ಫಲಿತಾಂಶ ಮಾತ್ರ ಹಾಗೆಯೇ ಉಳಿಯಿತು. ಗೆದ್ದವನ ಶ್ರಮಕ್ಕೂ ಅದರಿಂದ ಮಸಿ ತಾಗಿತು, ಸೋತವನ ನೋವೂ ಆರಲಿಲ್ಲ. ಇಬ್ಬರಿಗೂ ಅನ್ಯಾಯ.

ಮರುವರ್ಷದ ನಿಯಮಗಳು ಮೂಲ ರೋಗಕ್ಕೇ ಮದ್ದು ಹುಡುಕಿದವು. 2022ರಲ್ಲಿ ಲೋಟಸ್‌ನ ಹಳೆಯ ಉಪಾಯವನ್ನು ಹೊಸ ರೂಪದಲ್ಲಿ ಮರಳಿ ತರಲಾಯಿತು. ಒತ್ತಡದ ಹೆಚ್ಚಿನ ಪಾಲನ್ನು ತಳವೇ ಹುಟ್ಟಿಸಿದರೆ ಹಿಂದೆ ಬಿಡುವ ಗಾಳಿ ಅಷ್ಟಾಗಿ ಕಲಕುವುದಿಲ್ಲ ಎಂಬುದು ತರ್ಕ. 20 ಮೀಟರ್ ಹಿಂದಿರುವ ಕಾರು ಹಿಂದೆ ಸುಮಾರು ಶೇ. 35ರಷ್ಟು ಒತ್ತಡ ಕಳೆದುಕೊಳ್ಳುತ್ತಿತ್ತು, ಇನ್ನು ಶೇ. 4ರಷ್ಟು ಮಾತ್ರ ಎಂದು ಸಂಘಟಕರು ಅಂದಾಜಿಸಿದ್ದರು. ಕಾರುಗಳು ಹತ್ತಿರ ಬಂದವು, ಒಳ್ಳೆಯ ಕಾಳಗಗಳೂ ನಡೆದವು. ಆದರೂ 2023ರಲ್ಲಿ 22 ರೇಸುಗಳಲ್ಲಿ 21ನ್ನು ರೆಡ್ ಬುಲ್ ಗೆದ್ದಿತು. ದಾಟುವುದು ಸುಲಭವಾದರೆ ಅತಿ ವೇಗದ ಕಾರಿಗೂ ಅದು ಸುಲಭವೇ ಅಲ್ಲವೇ? ಬಳಿಕ ತಂಡಗಳು ವರ್ಷ ಬಿಟ್ಟು ವರ್ಷ ಹತ್ತಿರವಾದವು. 2025ರಲ್ಲಿ ಪ್ರಶಸ್ತಿ ಕೊನೆಯ ರೇಸಿನಲ್ಲಿ ನಿರ್ಧಾರವಾಗಿ ಲ್ಯಾಂಡೊ ನಾರಿಸ್ ಕೇವಲ ಎರಡು ಅಂಕಗಳಿಂದ ಗೆದ್ದ. 2021ರಿಂದ ತಂಡಗಳ ಖರ್ಚಿಗೆ ಹಾಕಿದ ಮಿತಿಗೂ ಇದರಲ್ಲಿ ಪಾಲಿದೆ ಎಂದು ನನಗನಿಸುತ್ತದೆ.

ಅವಸರದ ನಿಯಮ ಹೇಗೆ ಕೈಕೊಡುತ್ತದೆ ಎಂಬುದಕ್ಕೆ ಮೊನಾಕೊ ನೋಡಿ. ಅಲ್ಲಿ ಬೀದಿಗಳೇ ಕಿರಿದು, ಕಾರುಗಳೋ ಹಿರಿದಾಗಿದ್ದವು. 2024ರಲ್ಲಿ ಮೊದಲ ಹತ್ತು ಮಂದಿ ಹೊರಟ ಕ್ರಮದಲ್ಲೇ ಗುರಿ ಮುಟ್ಟಿದರು. 2025ರಲ್ಲಿ ಎರಡು ಬಾರಿ ಟೈರು ಬದಲಿಸಲೇಬೇಕೆಂದು ಕಟ್ಟಳೆಯಾಯಿತು. ಆಗ ಕೆಲವು ತಂಡಗಳು ಒಬ್ಬ ಚಾಲಕನನ್ನು ಬೇಕೆಂದೇ ನಿಧಾನವಾಗಿ ಓಡಿಸಿ, ಹಿಂದಿದ್ದವರನ್ನೆಲ್ಲ ತಡೆದು, ಜೊತೆಗಾರನಿಗೆ ಟೈರು ಬದಲಿಸಲು ಬಿಡುವು ಮಾಡಿಕೊಟ್ಟವು. ವೇಗದ ಆಟದಲ್ಲಿ ನಿಧಾನವೇ ತಂತ್ರವಾಯಿತು!

2026ರ ನಿಯಮಾವಳಿಯಲ್ಲಿ ಕಾರು 10 ಸೆಂಟಿಮೀಟರ್ ಕಿರಿದಾಗಿದೆ, ತೂಕವೂ ತಗ್ಗಿದೆ. ಶಕ್ತಿಯ ಅರ್ಧದಷ್ಟು ಪಾಲು ವಿದ್ಯುತ್ತಿನದು. ಡಿಆರ್‌ಎಸ್ ಹೋಗಿದೆ. ನೇರ ರಸ್ತೆಯಲ್ಲಿ ರೆಕ್ಕೆ ಮಲಗಿಸುವ ಅವಕಾಶ ಈಗ ಎಲ್ಲರಿಗೂ ಇದೆ. ಒಂದು ಸೆಕೆಂಡಿನೊಳಗೆ ಬಂದವನಿಗೆ ಹೆಚ್ಚುವರಿ ವಿದ್ಯುತ್ ಶಕ್ತಿ ಸಿಗುತ್ತದೆ. ಬ್ಯಾಟರಿಯನ್ನು ಎಲ್ಲಿ ಉಳಿಸಬೇಕು, ಎಲ್ಲಿ ಸುರಿಯಬೇಕು ಎಂಬ ವಿವೇಚನೆ ಮುಂದಿನವನಿಗೂ ಹಿಂದಿನವನಿಗೂ ಇದೆ. ಕೈಕಟ್ಟಿ ಕೂರುವ ಪಾಡು ಯಾರಿಗೂ ಇಲ್ಲ ಎಂಬ ಮಟ್ಟಿಗೆ ಇದು ಡಿಆರ್‌ಎಸ್‌ಗಿಂತ ನ್ಯಾಯವೆಂದು ನನ್ನ ಎಣಿಕೆ.

ಎಷ್ಟು ಬಾರಿ ದಾಟಿದರು ಎಂಬ ಲೆಕ್ಕದಿಂದ ಒಂದು ರೇಸನ್ನು ಅಳೆಯುವುದು, ಎಷ್ಟು ಸಿಕ್ಸರ್ ಬಿತ್ತು ಎಂಬುದರಿಂದ ಟೆಸ್ಟ್ ಪಂದ್ಯವನ್ನು ಅಳೆದಂತೆ. ದಾಟಬಹುದು, ಆದರೆ ಸುಲಭವಲ್ಲ ಎಂಬ ಸ್ಥಿತಿಯಲ್ಲೇ ನಿಜವಾದ ರೋಚಕತೆ ಇರುವುದು. ಆ ಸ್ಥಿತಿಯನ್ನು ಸೃಷ್ಟಿಸುವುದು ನಿಯಮ ಬರೆಯುವವರ ಕೆಲಸ. ರೇಸ್ ಶುರುವಾದ ಮೇಲೆ ಅದನ್ನು ತಿದ್ದದಿರುವುದೂ ಅವರದೇ ಕೆಲಸ. ಮುಂದಿನ ಬಾರಿ ರೇಸ್ ನೋಡಲು ಕೂತಾಗ ಮೊದಲನೆಯ ಕಾರನ್ನು ಬಿಟ್ಟು, ನಡುವೆ ಎಲ್ಲೋ ಒಂದೂವರೆ ಸೆಕೆಂಡು ಅಂತರದಲ್ಲಿರುವ ಎರಡು ಕಾರುಗಳನ್ನು ಆರಿಸಿಕೊಳ್ಳಿ. ಆ ಅಂತರ ಒಂದು ಸೆಕೆಂಡಿಗೆ ಇಳಿಯುವುದನ್ನು, ಮತ್ತೆ ಏರುವುದನ್ನು ಹತ್ತು ಸುತ್ತು ಗಮನಿಸಿ. ಗಾಳಿ, ಟೈರು, ಬ್ಯಾಟರಿ, ಕಟ್ಟಳೆ ಎಲ್ಲವೂ ಆ ಅರ್ಧ ಸೆಕೆಂಡಿನಲ್ಲಿ ಸೆಣಸುವುದು ಕಾಣಿಸುತ್ತದೆ.