ಗೃಹಕೃತ್ಯವೂ ಗಣಕಯಂತ್ರವೂ

ಸಂಸಾರಿಯಾದವನಿಗೆ ಕೆಲಸಗಳನ್ನು ಮಾಡುವುದಕ್ಕಿಂತಲೂ ಅವುಗಳ ನೆನಪನ್ನು ಹೊರುವುದೇ ಹೆಚ್ಚು ಶ್ರಮವೆಂಬುದನ್ನು ವಾಚಕ ಮಹಾಶಯರು ಬಲ್ಲರು. ಮನೆಯ ಕಂದಾಯ, ವಿಮೆಯ ಕಂತು, ತೀರುತ್ತ ಬಂದ ಔಷಧ, ಬಂಧುಗಳ ಮನೆಯ ಶುಭಕಾರ್ಯ, ಪಿತೃಕಾರ್ಯ ಇವೆಲ್ಲವೂ ಒಂದೊಂದು ದಿನವನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತಿರುತ್ತವೆ. ನಮ್ಮ ಮನೆಗಳಲ್ಲಿ ಈ ಹೊರೆಯು ಬಹುಮಟ್ಟಿಗೆ ಗೃಹಿಣಿಯ ತಲೆಯ ಮೇಲೆಯೇ ಇರುವುದು. ಅದಕ್ಕೆ ತೂಕವುಂಟೆಂದು ಗಂಡಸರಿಗೆ ತೋರುವುದು ಅಪರೂಪ.

ಪಾಠಶಾಲೆಯ ಗಂಟೆಯ ಕಟ್ಟಿನಿಂದ ಬಿಡುಗಡೆ ಹೊಂದಿದ ಮೇಲೆ ನಾನು ಈ ಹೊರೆಯಲ್ಲಿ ಪಾಲುಗೊಳ್ಳಬೇಕೆಂದು ಸಂಕಲ್ಪಿಸಿದೆನು. ನಮ್ಮ ಮಗಳು ಮನೆಯ ಗಣಕಯಂತ್ರದಲ್ಲಿ 'ಟಾಸ್ಕ್‌ವಾರಿಯರ್' ಎಂಬ ತಂತ್ರಾಂಶವನ್ನು ಇರಿಸಿಕೊಟ್ಟಳು. 'ಕಾರ್ಯವೀರ' ಎಂದು ಅದರ ಹೆಸರನ್ನು ನಾವು ಕನ್ನಡಿಸಬಹುದು. ೨೦೦೮ರಲ್ಲಿ ಹೊರಬಂದ ಇದಕ್ಕೆ ಬೆಲೆಯಿಲ್ಲ. ಚಿತ್ರಗಳಿಲ್ಲ, ಒತ್ತುವ ಗುಂಡಿಗಳಿಲ್ಲ, ಜಾಹೀರಾತುಗಳಿಲ್ಲ. ಕಪ್ಪು ತೆರೆಯ ಮೇಲೆ ಒಂದು ಸಾಲನ್ನು ಬರೆದರೆ ಆಜ್ಞೆಯು ನೆರವೇರುವುದು. 'ಟಾಸ್ಕ್ ಆ್ಯಡ್' ಎಂದು ಬರೆದು, ಕೆಲಸದ ಹೆಸರನ್ನು ಕನ್ನಡದಲ್ಲಿಯೇ ಹೇಳಿ, 'ಡ್ಯೂ' ಎಂದು ಗಡುವಿನ ದಿನವನ್ನು ಸೇರಿಸಿದರಾಯಿತು. ಯಂತ್ರವು ಅದಕ್ಕೊಂದು ಸಂಖ್ಯೆಯನ್ನು ಕೊಡುವುದು. ಕೆಲಸ ಮುಗಿದಾಗ ಆ ಸಂಖ್ಯೆಯ ಮುಂದೆ 'ಡನ್' ಎಂದರೆ ಅದು ಪಟ್ಟಿಯಿಂದ ಸರಿಯುವುದು.

ವ್ಯಾಕರಣವನ್ನೋದಿದ ನನಗೆ ಈ ಮಿತಭಾಷಣವು ಬಹಳ ರುಚಿಸಿತು. ಪಾಣಿನಿಯು ಅಧಿಕಾರಸೂತ್ರವೊಂದನ್ನು ಹೇಳಿಬಿಟ್ಟರೆ ಅದರ ಅರ್ಥವು ಮುಂದಿನ ಸೂತ್ರಗಳಿಗೆ ತಾನಾಗಿ ಹರಿದುಬರುವುದಷ್ಟೆ? ಇಲ್ಲಿಯೂ 'ಕಾಂಟೆಕ್ಸ್ಟ್' ಎಂಬುದೊಂದುಂಟು. 'ಮನೆ' ಎಂಬ ಸಂದರ್ಭವನ್ನು ಒಮ್ಮೆ ಗೊತ್ತುಮಾಡಿದರೆ, ಅದನ್ನು ತೆಗೆಯುವವರೆಗೂ ಪಟ್ಟಿಯಲ್ಲಿ ಮನೆಯ ಕೆಲಸಗಳು ಮಾತ್ರ ಕಾಣುವುವು.

ಹೆಂಚು ಸೋರುವುದು ನಿಲ್ಲದೆ ಗೋಡೆಗೆ ಸುಣ್ಣ ಹೊಡೆಯಿಸಿ ಫಲವಿಲ್ಲ. ಆದುದರಿಂದ ಸುಣ್ಣದ ಕೆಲಸವು ಹೆಂಚಿನ ಕೆಲಸವನ್ನು ಅವಲಂಬಿಸಿದೆಯೆಂದು ತಿಳಿಸಿದರೆ, ಮೊದಲನೆಯದು ಕೆಳಕ್ಕಿಳಿದು ಎರಡನೆಯದು ಮೇಲಕ್ಕೇರುವುದು. ನವೆಂಬರಿನಲ್ಲಿ ಸಲ್ಲಿಸತಕ್ಕ ಪಿಂಚಣಿಯ ಜೀವನ ಪ್ರಮಾಣಪತ್ರವನ್ನು ಜೂನಿನಿಂದಲೇ ನೋಡುತ್ತ ಚಿಂತಿಸಬೇಕಾದುದಿಲ್ಲ. 'ವೇಟ್' ಎಂದು ದಿನವನ್ನು ಕೊಟ್ಟರೆ ಅಲ್ಲಿಯವರೆಗೆ ಅದು ಮರೆಯಲ್ಲಿರುವುದು. ಆದರೆ ಪಿತೃಕಾರ್ಯದ ವಿಷಯದಲ್ಲಿ ಯಂತ್ರದ ಜಾಣತನವು ನಿಲ್ಲುವುದು. ವರ್ಷಕ್ಕೊಮ್ಮೆ ಎಂದರೆ ಅದು ಇಂಗ್ಲಿಷ್ ತಾರೀಖನ್ನೇ ಹಿಡಿಯುವುದು; ನಮ್ಮ ತಿಥಿಯಾದರೋ ಸುಮಾರು ೩೫೪ ದಿನಗಳ ಚಾಂದ್ರವರ್ಷವನ್ನು ಅನುಸರಿಸಿ, ಅಧಿಕಮಾಸ ಬಂದಾಗ ಮುಂದಕ್ಕೆ ಜಿಗಿಯುವುದು. ಅದಕ್ಕಾಗಿ ಯುಗಾದಿಗೆ ಹೊಸ ಪಂಚಾಂಗ ಬಂದೊಡನೆ ತಿಥಿಯನ್ನು ನೋಡಿ ತಾರೀಖನ್ನು ಬರೆಯುವ ಪದ್ಧತಿಯನ್ನಿಟ್ಟುಕೊಂಡಿದ್ದೇನೆ.

ಒಂದು ಸಂಜೆ ನನ್ನ ಗೃಹಿಣಿಯನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು, ಆಕೆ ನೆನಪಿನಲ್ಲಿಟ್ಟಿರುವುದನ್ನೆಲ್ಲ ಹೇಳಬೇಕೆಂದು ಕೇಳಿದೆನು. ಹಾಲಿನವನ ಲೆಕ್ಕದಿಂದ ಹಿಡಿದು ಸೊಸೆಯ ಸೀಮಂತದವರೆಗೆ ಐವತ್ತಮೂರು ಬಾಬುಗಳಾದುವು. ಪಟ್ಟಿಯನ್ನು ನೋಡಿ ಆಕೆ, "ಇಷ್ಟೆಲ್ಲ ನನ್ನ ತಲೆಯಲ್ಲಿತ್ತೇನು? ಹಾಗಾದರೆ ಅರ್ಧವನ್ನು ನಿಮ್ಮ ಹೆಸರಿಗೆ ಬರೆದುಕೊಳ್ಳಿ" ಎಂದಳು. ಬರೆದುಕೊಂಡೆನು. ಆ ದಿನದಿಂದ ಆಕೆಗೆ ಮಧ್ಯಾಹ್ನದ ನಿದ್ರೆಯು ಸುಖವಾಗಿ ಬರುತ್ತಿದೆ.

ಇನ್ನೊಂದು ಮಾತು. ಯಾವುದು ಮೊದಲು ಎಂಬುದನ್ನು ಈ ತಂತ್ರಾಂಶವು ಅಂಕಗಣಿತದಿಂದ ನಿರ್ಣಯಿಸುವುದು. ಗಡುವು ಸಮೀಪಿಸಿದಂತೆಲ್ಲ ಅಂಕವು ಹೆಚ್ಚುತ್ತ, ಮೀರಿ ವಾರವಾದಾಗ ೧೨ಕ್ಕೆ ಮುಟ್ಟುವುದು. ಮುಖ್ಯವೆಂದು ಗುರುತಿಸಿದ ಕೆಲಸಕ್ಕೆ ೬. ಕೇವಲ ಹಳೆಯದಾದುದಕ್ಕೆ, ವರ್ಷವೇ ಕಳೆದರೂ, ೨ಕ್ಕಿಂತ ಹೆಚ್ಚಿಲ್ಲ. ನನ್ನೊಡನೆ ಪಾಠ ಹೇಳಿದ ಹಿರಿಯರೊಬ್ಬರು ಹಾಸಿಗೆ ಹಿಡಿದಿದ್ದರು. 'ಅವರನ್ನು ನೋಡಿ ಬರುವುದು' ಎಂದು ಬರೆದ ಮರುದಿನವೇ ಅದು ಪಟ್ಟಿಯ ಅಡಿಯಲ್ಲಿತ್ತು. ಸ್ನೇಹಕ್ಕೆ ಗಡುವಿಲ್ಲವಷ್ಟೆ! ವಿದ್ಯುತ್ತಿನ ಬಿಲ್ಲು ಅದರ ಮೇಲೆ ಕುಳಿತಿತ್ತು. ನಾನು ಅದಕ್ಕೆ 'ನೆಕ್ಸ್ಟ್' ಎಂಬ ಗುರುತನ್ನಿಟ್ಟೆನು. ಈ ಗುರುತಿಗೆ ೧೫ ಅಂಕ. ಅದು ಎಲ್ಲಕ್ಕಿಂತ ಮೇಲೆ ಬಂದಿತು. ಅಂದೇ ಹೋಗಿ, ಅವರ ಮಂಚದ ಬಳಿ ಎರಡು ಗಂಟೆ ಕಾಲ ಕುಳಿತು ಹಳೆಯ ಮಾತುಗಳನ್ನಾಡಿ ಬಂದೆನು. ತಿಂಗಳೊಳಗೆ ಅವರು ಕಾಲವಾದರು.

ಆದುದರಿಂದ ಯಂತ್ರಕ್ಕೆ ನೆನಪನ್ನು ಒಪ್ಪಿಸಬಹುದು, ವಿವೇಕವನ್ನು ಒಪ್ಪಿಸಲಾಗದು. ದಿನಗೊತ್ತಿರುವ ಕೆಲಸಗಳು ತಾವಾಗಿಯೇ ಕೂಗಿ ಕರೆಯುತ್ತವೆ. ಕೂಗದಿರುವುವನ್ನು ನಾವೇ ಹುಡುಕಿ ಮೇಲಕ್ಕೆ ತರಬೇಕು. ಗಣಕಯಂತ್ರವಿಲ್ಲದವರಿಗೆ ಎರಡಾಣೆಯ ಕಾಲದಿಂದ ಬಂದ ನೋಟುಪುಸ್ತಕವೂ ಸಾಕು. ಯಾವುದರಲ್ಲಿ ಬರೆದರೂ, ಮನೆಯಾಕೆಯ ತಲೆಯಲ್ಲಿರುವುದನ್ನು ಮೊದಲು ಕೇಳಿ ಬರೆಯಿರಿ. ಪ್ರತಿದಿನ ಬೆಳಗ್ಗೆ ಪಟ್ಟಿಯ ಕೊನೆಯ ಸಾಲನ್ನೂ ತಪ್ಪದೆ ಓದಿರಿ.