ಪಟ್ಟಿಯಲ್ಲಿ ಇಲ್ಲದ ಬೀದಿ

ಓದುಗ ಸಹೋದರಿಯರೇ, ನೀವು ಎಷ್ಟು ಸಲ ಬೆಂಗಳೂರಿಗೆ ಹೋಗಿದ್ದೀರಿ? ಯಾಕೆ ಹೋಗಿದ್ದೀರಿ?

ಈ ಪ್ರಶ್ನೆಯನ್ನು ನಾನೊಮ್ಮೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಕೇಳಿದೆ. ಅಲ್ಲಿದ್ದ ಆರು ಮಂದಿ ಶಿಕ್ಷಕಿಯರೂ ಬೆಂಗಳೂರು ಕಂಡವರೇ. ಒಬ್ಬರು ಮಗನ ಕಿವಿಯ ಆಪರೇಷನ್‌ಗೆ ಹೋಗಿದ್ದರು. ಒಬ್ಬರು ಅತ್ತೆ ಮಾವನನ್ನು ಹಜ್ಜ್‌ಗೆ ಬೀಳ್ಕೊಡಲು ಹಜ್ ಭವನದವರೆಗೆ ಹೋಗಿದ್ದರು. ಇನ್ನೊಬ್ಬರು ನಾದಿನಿಯ ಹೆರಿಗೆಗೆ, ಮತ್ತಿಬ್ಬರು ಯಾವುದೋ ತರಬೇತಿಗೆ. ಊರು ನೋಡಲೆಂದು ಹೋದವರು ಒಬ್ಬರೂ ಇರಲಿಲ್ಲ. ಚನ್ನಗಿರಿಯ ನಮಗೆ ಬೆಂಗಳೂರು ಎಂದರೆ ಚೀಟಿ ಹಿಡಿದು ಹೋಗಿ ಚೀಟಿ ಹಿಡಿದು ಬರುವ ಊರು.

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಕುಟುಂಬ ಐದು ದಿನಗಳ ಪ್ರವಾಸ ಹೋಗುವುದೆಂದು ತೀರ್ಮಾನವಾದಾಗ ಬೆಂಗಳೂರಿನಲ್ಲಿ ಎರಡು ದಿನ ನಿಲ್ಲಬೇಕೆಂದು ಹಟ ಹಿಡಿದವಳು ನಾನೇ. ನಾವು ನಾಲ್ವರು ಸಹೋದರಿಯರು. ದೊಡ್ಡವರು, ಅಂದರೆ ಆಪಾ, ಹೊನ್ನಾಳಿಯಲ್ಲಿ. ನಾನು ತವರೂರಾದ ಚನ್ನಗಿರಿಯಲ್ಲೇ ಉಳಿದವಳು. ನನ್ನ ನಂತರದವಳು ನ್ಯಾಮತಿಯಲ್ಲಿ, ಕೊನೆಯವಳು ಜಗಳೂರಿನಲ್ಲಿ. ಅಮ್ಮಿ ತಮ್ಮನ ಮನೆಯಲ್ಲಿದ್ದಾರೆ. ಪ್ರತಿವರ್ಷ ರಜೆಯಲ್ಲಿ ಎಲ್ಲರೂ ತವರಿಗೆ ಬರುವುದು, ಒಂದು ಸಂಜೆ ಮಕ್ಕಳನ್ನು ಸೂಳೆಕೆರೆಯ ದಂಡೆಗೆ ಕರೆದೊಯ್ಯುವುದು, ಬಿರಿಯಾನಿ ಮಾಡಿ ಉಣ್ಣುವುದು, ಅಷ್ಟೇ ನಮ್ಮ ಪ್ರವಾಸ. "ಈ ಸಲವಾದರೂ ಕೆರೆ ಬೇಡ" ಎಂದು ಮಕ್ಕಳು ಪಟ್ಟು ಹಿಡಿದರು.

ಒಟ್ಟು ಹದಿನೈದು ಮಂದಿ. ಒಂಬತ್ತು ಹೆಂಗಸರು ಮತ್ತು ಹೆಣ್ಣುಮಕ್ಕಳು, ಆರು ಗಂಡಸರು ಮತ್ತು ಗಂಡುಮಕ್ಕಳು. ಮೊದಲ ಜಗಳ ಎಲ್ಲಿಂದ ಹೊರಡುವುದು ಎಂಬುದರ ಮೇಲೆಯೇ ಆಯಿತು. ಈಗ ನಾವೆಲ್ಲ ದಾವಣಗೆರೆ ಜಿಲ್ಲೆಯವರಾದರೂ 1997ರಲ್ಲಿ ಆ ಜಿಲ್ಲೆ ಆಗುವವರೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೆ ಸೇರಿದ್ದವು. ಜಗಳೂರು ಚಿತ್ರದುರ್ಗದ್ದು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಅದಕ್ಕೂ ಬಹಳ ನಂತರ. ಜಿಲ್ಲೆ ಬದಲಾದರೂ ಕಾಲಿನ ಅಭ್ಯಾಸ ಬದಲಾಗಲಿಲ್ಲ ನೋಡಿ. ಆಪಾ ಮತ್ತು ನ್ಯಾಮತಿಯವಳು ಶಿವಮೊಗ್ಗದಿಂದಲೇ ರೈಲು ಹತ್ತೋಣ ಎಂದರು. ಜಗಳೂರಿನವಳು "ನಾನು ದಾವಣಗೆರೆ ದಾಟಿ ಶಿವಮೊಗ್ಗಕ್ಕೆ ಬಂದು ಅಲ್ಲಿಂದ ಬೆಂಗಳೂರಿಗೆ ಹೋಗಬೇಕಾ? ಮೂಗು ಹಿಡಿಯಲು ತಲೆ ಸುತ್ತಿ ಕೈ ತಂದ ಹಾಗಾಯಿತು" ಎಂದಳು. ಅವಳ ಮಾತು ಸರಿಯೇ. ಆದರೆ ಒಂದು ಕಡೆ ಹದಿಮೂರು ಮಂದಿ, ಇನ್ನೊಂದು ಕಡೆ ಮೂವರು ಎಂದಾಗ... ಕ್ಷಮಿಸಿ, ಹನ್ನೆರಡು ಮಂದಿ. ಲೆಕ್ಕದಲ್ಲಿ ನಾನು ಮೊದಲಿನಿಂದಲೂ ಹಿಂದೆ. ಕೊನೆಗೆ ಅವಳು ಎರಡು ದಿನ ಮೊದಲೇ ತವರಿಗೆ ಬಂದುಬಿಡುವುದು, ತಮ್ಮನ ಮನೆಯಿಂದ ಎಲ್ಲರೂ ಒಟ್ಟಿಗೆ ಹೊರಡುವುದು ಎಂದಾಯಿತು. ಎರಡು ದಿನ ಹೆಚ್ಚು ತವರು ಸಿಗುತ್ತದೆ ಎಂದ ಮೇಲೆ ಅವಳೂ ಸುಮ್ಮನಾದಳು.

ನಂತರದ ಪ್ರಶ್ನೆ, ಬಸ್ಸೋ ರೈಲೋ? 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಂದಿನಿಂದ ನಮ್ಮ ಮನೆಗಳಲ್ಲಿ ಪ್ರಯಾಣದ ಮಾತು ಎತ್ತಿದರೆ ಮೊದಲು ಆಧಾರ್ ಕಾರ್ಡ್ ಹುಡುಕುತ್ತಾರೆ. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಒಂಬತ್ತು ಮಂದಿಗೆ ಶೂನ್ಯ ಟಿಕೆಟ್, ಆರು ಮಂದಿಗೆ ಮಾತ್ರ ಹಣ. ನನ್ನ ಯಜಮಾನರು ಈ ಲೆಕ್ಕವನ್ನು ಬಹಳ ಸಂತೋಷದಿಂದ ಹೇಳಿದರು. ಆದರೆ ಸಹೋದರಿಯರೇ, ರಾತ್ರಿಯಿಡೀ ಬಸ್ಸಿನಲ್ಲಿ ಹೋಗುವ ಹೆಣ್ಣುಮಕ್ಕಳು ಸಂಜೆಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ ಎಂಬುದು ಗಂಡಸರಿಗೆ ಗೊತ್ತೇ? ಅಮ್ಮಿಗೆ ಸಕ್ಕರೆ ಕಾಯಿಲೆ. ಅವರಿಗೆ ಶೌಚಾಲಯ ಬೇಕು, ಕಾಲು ನೀಡಲು ಜಾಗ ಬೇಕು. ದೂರದ ಪ್ರಯಾಣಕ್ಕೆ ರೈಲು, ಊರೊಳಗೆ ಮತ್ತು ಶ್ರೀರಂಗಪಟ್ಟಣ, ಮೈಸೂರಿನ ನಡುವೆ ಬಸ್ಸು ಎಂದು ನಾನು ಬರೆದೆ. ರೈಲು ಟಿಕೆಟನ್ನು ಈಗ 60 ದಿನ ಮುಂಚಿತವಾಗಿ ಕಾದಿರಿಸಬಹುದು. 2024ರ ನವೆಂಬರ್‌ಗೆ ಮುಂಚೆ ಅದು 120 ದಿನವಿತ್ತು. ಹದಿನೈದು ಮಂದಿ ಒಂದೇ ಬೋಗಿಯಲ್ಲಿ ಇರಬೇಕಾದರೆ ಆ ಮೊದಲ ದಿನವನ್ನೇ ಹಿಡಿಯಬೇಕು, ಇಲ್ಲವಾದರೆ ರಜೆಯ ದಿನಗಳಲ್ಲಿ ಆಸೆ ಬಿಡಬೇಕು.

ಮೈಸೂರು ಅರಮನೆಯ ದೀಪಾಲಂಕಾರ ಭಾನುವಾರದ ಸಂಜೆ. ಮೈಸೂರಿನ ಮೃಗಾಲಯಕ್ಕೆ ಮಂಗಳವಾರ ರಜೆ. ಈ ಎರಡನ್ನು ಗೂಟದಂತೆ ನೆಟ್ಟುಕೊಂಡ ಮೇಲೆ ಉಳಿದದ್ದು ತಾನಾಗಿಯೇ ಕುಳಿತುಕೊಂಡಿತು. ಗುರುವಾರ ರಾತ್ರಿ ಶಿವಮೊಗ್ಗದಿಂದ ರೈಲು, ಶುಕ್ರವಾರ ಮತ್ತು ಶನಿವಾರ ಬೆಂಗಳೂರು, ಭಾನುವಾರ ಬೆಳಿಗ್ಗೆ ಶ್ರೀರಂಗಪಟ್ಟಣ, ಸಂಜೆ ಮೈಸೂರು, ಸೋಮವಾರ ಮೃಗಾಲಯ, ಆಮೇಲೆ ಹಾಸನ, ಅರಸೀಕೆರೆ ಮಾರ್ಗವಾಗಿ ಮನೆಗೆ.

ಕಷ್ಟವಾದದ್ದು ಬೆಂಗಳೂರಿನ ಆ ಎರಡು ದಿನ. ಮಗಳ ಹಳೆಯ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಪಟ್ಟಿ ಬರೆದೆ. ಪ್ರತಿಯೊಬ್ಬರೂ ಫೋನು ಮಾಡಿ ಒಂದೊಂದು ಹೆಸರು ಸೇರಿಸಿದರು. ಲಾಲ್‌ಬಾಗ್, ಕಬ್ಬನ್ ಪಾರ್ಕ್, ವಿಧಾನಸೌಧ, ಟಿಪ್ಪು ಅರಮನೆ, ಬನ್ನೇರುಘಟ್ಟ, ಮ್ಯೂಸಿಯಂ, ಕಮರ್ಷಿಯಲ್ ಸ್ಟ್ರೀಟ್, ಚಿಕ್ಕಪೇಟೆ. ಜಗಳೂರಿನ ಪುಟ್ಟ ಹುಡುಗನಿಗೆ ವಿಮಾನ ಇಳಿಯುವುದನ್ನು ನೋಡಬೇಕಂತೆ. ಎಲ್ಲ ಸೇರಿಸಿದರೆ ವಾರ ಸಾಲದು.

ದೊಡ್ಡ ಊರಿನಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬಾರದು, ಹೊತ್ತಿನಲ್ಲಿ ಅಳೆಯಬೇಕು ಎಂದು ನನಗೆ ಅನ್ನಿಸಿದ್ದು ಆಗಲೇ. ಹೊನ್ನಾಳಿಯಿಂದ ಶಿವಮೊಗ್ಗಕ್ಕೆ ಹೋಗಿಬರುವ ಹೊತ್ತನ್ನು ಅಲ್ಲಿ ಎರಡು ಸಿಗ್ನಲ್‌ಗಳ ನಡುವೆಯೇ ಕಳೆಯಬಹುದು. ಆದ್ದರಿಂದ ಒಂದು ದಿನಕ್ಕೆ ಒಂದೇ ದಿಕ್ಕು ಎಂದು ಕಟ್ಟುನಿಟ್ಟು ಮಾಡಿದೆ. ಮೈಸೂರಿನಲ್ಲಿ ಮೃಗಾಲಯ ಇರುವಾಗ ಬನ್ನೇರುಘಟ್ಟಕ್ಕೆ ಒಂದು ದಿನವನ್ನು ಬಲಿ ಕೊಡುವುದೇಕೆ? ಅದನ್ನು ಹೊಡೆದುಹಾಕಿದೆ. ವಿಮಾನವನ್ನೂ. ಮೆಜೆಸ್ಟಿಕ್ ಹತ್ತಿರ ರೂಮು ಹಿಡಿದರೆ ಮೆಟ್ರೋದ ಹಸಿರು ಮಾರ್ಗದಲ್ಲಿ ಕೆ.ಆರ್. ಮಾರುಕಟ್ಟೆ, ಲಾಲ್‌ಬಾಗ್ ಒಂದೇ ಸಾಲಿನಲ್ಲಿ ಸಿಗುತ್ತವೆ. ನೇರಳೆ ಮಾರ್ಗದಲ್ಲಿ ವಿಧಾನಸೌಧ, ಕಬ್ಬನ್ ಪಾರ್ಕ್ ಅಕ್ಕಪಕ್ಕದ ನಿಲ್ದಾಣಗಳು. ಶುಕ್ರವಾರ ಹಸಿರು, ಶನಿವಾರ ನೇರಳೆ. ಮಕ್ಕಳಿಗೂ ನೆನಪಿಡಲು ಸುಲಭವಾಯಿತು. 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿದ ಮೇಲೆ ಹದಿನೈದು ಮಂದಿಗೆ ಅದು ಅಗ್ಗವೇನಲ್ಲ, ಅಲ್ಲಿ ಶಕ್ತಿಯೂ ನಡೆಯುವುದಿಲ್ಲ. ಆದರೂ ಒಮ್ಮೆ ಹತ್ತಿಸದೆ ಇದ್ದರೆ ಮಕ್ಕಳು ನಮ್ಮನ್ನು ಬಿಡುತ್ತಿರಲಿಲ್ಲ.

ನಮಾಝ್‌ನ ಹೊತ್ತನ್ನು ಪಟ್ಟಿಯಲ್ಲಿ ಮೊದಲೇ ಬರೆದಿಟ್ಟೆ. ಗಂಡಸರಿಗೆ ಯಾವ ಬೀದಿಯಲ್ಲಾದರೂ ಮಸೀದಿ ಇದೆ. ನಮಗೆ ಎಲ್ಲ ಮಸೀದಿಗಳಲ್ಲಿ ಜಾಗವಿರುವುದಿಲ್ಲ, ವುಝೂವಿಗೆ ಮರೆಯೂ ಇರುವುದಿಲ್ಲ. ಹಾಗಾಗಿ ಝುಹರ್ ಹೊತ್ತಿಗೆ ರೂಮಿಗೆ ಮರಳುವುದು, ಬಿಸಿಲು ಇಳಿದ ಮೇಲೆ ಮತ್ತೆ ಹೊರಡುವುದು. ನಿಮಗೊಂದು ತಮಾಷೆ ಹೇಳಲೇ? ಮದ್ರಸದಲ್ಲಿ ಹದಿನಾಲ್ಕನೇ ವಯಸ್ಸಿನಲ್ಲಿ ನಾನು ಮುಸಾಫಿರನ ನಮಾಝ್‌ನ ಅಧ್ಯಾಯವನ್ನು ಬಾಯಿಪಾಠ ಮಾಡಿದ್ದೆ. ಎಷ್ಟು ದೂರ ಹೋದರೆ ಕಸ್ರ್, ಎಷ್ಟು ದಿನ ನಿಂತರೆ ಪೂರ್ತಿ, ಯಾವುದು ನಾಲ್ಕರಿಂದ ಎರಡಾಗುತ್ತದೆ, ಮಗ್ರಿಬ್ ಯಾಕೆ ಮೂರೇ ಉಳಿಯುತ್ತದೆ, ಎಲ್ಲ. ಆಗ ನಾನು ದಾವಣಗೆರೆಯನ್ನು ದಾಟಿದವಳೇ ಅಲ್ಲ!

ಪಟ್ಟಿ ಮಾಡುವಾಗ ನಾವು ನಾಲ್ವರು ಸಹೋದರಿಯರು ಯಾರಿಗೂ ಹೇಳದೆ ಇನ್ನೊಂದು ಕೆಲಸ ಮಾಡಿದ್ದೆವು. 2011ರ ಜುಲೈಯಲ್ಲಿ ನಮ್ಮ ಅಬ್ಬಾ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಇಪ್ಪತ್ತಮೂರು ದಿನ ಇದ್ದು ಅಲ್ಲಿಯೇ ಅಲ್ಲಾಹನ ಕರೆಗೆ ಓಗೊಟ್ಟರು. ಅಷ್ಟೂ ದಿನ ಜೊತೆಗಿದ್ದವರು ಅಮ್ಮಿ. ಆ ವರ್ಷ ಮೆಟ್ರೋ ಇನ್ನೂ ಓಡುತ್ತಿರಲಿಲ್ಲ. ಮೊದಲ ರೈಲು ಓಡಿದ್ದು ಅಕ್ಟೋಬರ್ 20ರಂದು. ಅಮ್ಮಿ ನೋಡಿದ್ದು ಕಂಬಗಳನ್ನು ಮಾತ್ರ. ಆಮೇಲೆ ಅವರು ಬೆಂಗಳೂರಿನ ಹೆಸರೆತ್ತಿದ್ದನ್ನು ನಾವು ಕೇಳಿಲ್ಲ. ಹಾಗಾಗಿ ಆ ಆಸ್ಪತ್ರೆಯ ಕಡೆಗೆ ಹೋಗುವ ರಸ್ತೆಯೇ ಬಾರದಂತೆ ನಾವು ದಾರಿಗಳನ್ನು ಆರಿಸಿದ್ದೆವು. ಆಟೋ ಹತ್ತಿದರೆ ಯಾವ ಕಡೆಯಿಂದ ಹೋಗಲು ಹೇಳಬೇಕು ಎಂಬುದನ್ನೂ ಆಪಾ ತಮ್ಮನಿಗೆ ಹೇಳಿಕೊಟ್ಟಿದ್ದರು.

ಹೊರಡಲು ನಾಲ್ಕು ದಿನ ಇದ್ದಾಗ ಅಮ್ಮಿ ನೋಟ್‌ಬುಕ್ ಕೈಗೆತ್ತಿಕೊಂಡರು. ಅವರಿಗೆ ಉರ್ದು ಬಿಟ್ಟರೆ ಬೇರೆ ಓದಲು ಬಾರದು. "ಓದಿ ಹೇಳು" ಎಂದರು. ಓದಿದೆ. ಮುಗಿದ ಮೇಲೆ ಕೇಳಿದರು, "ಆ ಆಸ್ಪತ್ರೆ ಎಲ್ಲಿದೆ ಇದರಲ್ಲಿ?"

ನನಗೆ ಮಾತು ಹೊರಡಲಿಲ್ಲ. "ಇಲ್ಲ ಅಮ್ಮಿ, ಆ ಕಡೆ ನಾವು ಹೋಗುವುದೇ ಇಲ್ಲ, ನೀವು ಹೆದರಬೇಡಿ" ಎಂದೆ.

"ಹೆದರಿಕೆ ಯಾರಿಗೆ? ನನಗೆ ಅಲ್ಲಿ ಹೋಗಬೇಕು."

ಆಮೇಲೆ ಅವರು ಹೇಳಿದ್ದನ್ನು ನಾವು ಆವರೆಗೆ ಕೇಳಿಯೇ ಇರಲಿಲ್ಲ. ವಾರ್ಡಿನ ಬಚ್ಚಲಲ್ಲಿ ವುಝೂ ಮಾಡಲು ಮನಸ್ಸಾಗದೆ ಅಮ್ಮಿ ಎರಡನೇ ದಿನ ಒಂದು ಚೊಂಬು ಹಿಡಿದು ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ನಲ್ಲಿ ಹುಡುಕುತ್ತಾ ಹೋಗಿದ್ದರು. ಒಂದು ಮನೆಯ ಹೆಂಗಸು ಕರೆದು ಏನು ಬೇಕೆಂದು ಕೇಳಿದರು. ಬಾಗಿಲಿಗೆ ಮಾವಿನ ತೋರಣ ಕಟ್ಟಿದ ಮನೆ. ವಿಷಯ ತಿಳಿದ ಮೇಲೆ ಹಿಂದಿನ ಕೋಣೆಯನ್ನು ಗುಡಿಸಿ, ಒಗೆದ ಬೆಡ್‌ಶೀಟ್ ಹಾಸಿ, ಬಾಗಿಲು ಮುಂದೆ ಮಾಡಿ ಹೊರಗೆ ಕುಳಿತರಂತೆ. ಅಂದಿನಿಂದ ಝುಹರ್ ಮತ್ತು ಅಸರ್ ಅಲ್ಲಿಯೇ. ಅಸರ್ ನಂತರ ಒಂದು ಲೋಟ ಚಹಾ. ತಮ್ಮ ಊರಿನಿಂದ ತಂದಿದ್ದನೆಂದು ಅಮ್ಮಿ ಒಮ್ಮೆ ದಾವಣಗೆರೆ ಮಂಡಕ್ಕಿ ಕೊಟ್ಟಾಗ ಆ ಹೆಂಗಸಿಗೆ ಬಹಳ ಇಷ್ಟವಾಗಿತ್ತಂತೆ.

"ನಿಮ್ಮ ಅಬ್ಬಾ ಹೋದದ್ದು ರಾತ್ರಿ. ಆಂಬುಲೆನ್ಸಿನಲ್ಲಿ ಕೂರಿಸಿ ನನ್ನನ್ನು ಕರೆತಂದಿರಿ. ಆಕೆಗೆ ಒಂದು ಮಾತು ಹೇಳಲಿಲ್ಲ. ಮರುದಿನ ಝುಹರ್‌ಗೆ ಆಕೆ ಬಾಗಿಲು ತೆಗೆದು ಕಾದಿರುತ್ತಾಳೆ."

ಹದಿನಾಲ್ಕು ವರ್ಷ! ಪ್ರತಿದಿನ ಝುಹರ್‌ಗೆ ನಿಲ್ಲುವಾಗ ಅವರಿಗೆ ಇದು ನೆನಪಾಗುತ್ತಿತ್ತೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಬೀದಿಯನ್ನು ಪಟ್ಟಿಗೆ ಸೇರಿಸಬೇಕಾದರೆ ಶನಿವಾರದ ಮಧ್ಯಾಹ್ನ ಮಾತ್ರ ಖಾಲಿ ಮಾಡಬಹುದಿತ್ತು. ಅದು ಕಮರ್ಷಿಯಲ್ ಸ್ಟ್ರೀಟ್‌ನ ಹೊತ್ತು. ನ್ಯಾಮತಿಯವಳ ಮಗಳ ನಿಕಾಹ್‌ಗೆ ಬಟ್ಟೆ ತೆಗೆಯುವುದೆಂದು ಅವಳು ಆರು ತಿಂಗಳಿಂದ ಹಣ ಕೂಡಿಸಿದ್ದಳು. ಅವಳಿಗೆ ಫೋನು ಮಾಡಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ನಾನೂ ಮಗಳೂ ಬೇರೆ ಹೋಗುತ್ತೇವೆ, ನೀವು ಅಮ್ಮಿಯ ಜೊತೆ ಹೋಗಿ" ಎಂದಳು. ನನಗೆ ಸಿಟ್ಟು ಬಂತು, ಒಂದು ಮಾತು ಅಂದೂಬಿಟ್ಟೆ. ಈಗ ಯೋಚಿಸಿದರೆ ಅವಳದ್ದೇನೂ ತಪ್ಪಿಲ್ಲ. ಮಗಳ ಮದುವೆ ಎದುರಿಗಿರುವ ತಾಯಿಗೆ ಅವಳದೇ ಆದ ಗಡಿಯಾರ ಇರುತ್ತದೆ.

ಹೋದದ್ದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ರೈಲು ಫಜ್ರ್‌ಗೂ ಮುಂಚೆ ಮುಟ್ಟಿತು. ಫೋನಿನಲ್ಲಿ ಯಾವ ಹೊತ್ತಿಗಾದರೂ ಬನ್ನಿ ಎಂದಿದ್ದ ಲಾಡ್ಜಿನವರು ಬೇಗ ಬಂದದ್ದಕ್ಕೆ ಅರ್ಧ ದಿನದ ಬಾಡಿಗೆ ಹೆಚ್ಚು ಕೇಳಿದರು. ರಾತ್ರಿ ರೈಲಿನಲ್ಲಿ ಹೋಗುವವರು ಈ ಒಂದು ಮಾತನ್ನು ಮೊದಲೇ ಸ್ಪಷ್ಟ ಮಾಡಿಕೊಳ್ಳಿ, ಆಗುವುದಾದರೆ ಬರೆಸಿಕೊಳ್ಳಿ. ಗಂಡಸರು ಸಿಟಿ ಮಾರ್ಕೆಟ್‌ನ ಜಾಮಿಯಾ ಮಸೀದಿಯಲ್ಲಿ ಜುಮಾ ಮುಗಿಸಿ ಬಂದ ಮೇಲೆ ಎಲ್ಲರೂ ಟಿಪ್ಪು ಅರಮನೆಗೆ ಹೋದೆವು. ಹೈದರಾಲಿ ಆರಂಭಿಸಿದ್ದನ್ನು ಟಿಪ್ಪು 1791ರಲ್ಲಿ ಮುಗಿಸಿದ ಮರದ ಅರಮನೆ ಅದು. ಶ್ರೀರಂಗಪಟ್ಟಣ ಬಿದ್ದ ಮೇಲೆ 1868ರವರೆಗೆ ಅದರಲ್ಲೇ ಸರ್ಕಾರಿ ಕಚೇರಿ ಇತ್ತಂತೆ. ಮಕ್ಕಳಿಗೆ ಚಿಕ್ಕದೆನಿಸಿತು. ಅಮ್ಮಿ ಮಾತ್ರ ಕಂಬಗಳನ್ನು ಮುಟ್ಟಿ ಮುಟ್ಟಿ ನೋಡಿದರು. ಸಂಜೆ ಲಾಲ್‌ಬಾಗ್. 1760ರಲ್ಲಿ ಹೈದರಾಲಿ ಹಾಕಿಸಿದ ತೋಟ. ಅಲ್ಲಿ ಮುನ್ನೂರು ಕೋಟಿ ವರ್ಷ ಹಳೆಯದೆನ್ನುವ ಬಂಡೆಯ ಮೇಲೆ ಜಗಳೂರಿನ ಹುಡುಗ ಮಲಗಿ, ಆಕಾಶದಲ್ಲಿ ಒಂದು ವಿಮಾನವನ್ನು ಕಂಡೇ ಬಿಟ್ಟ.

ಶನಿವಾರ ಬೆಳಿಗ್ಗೆ ಕಬ್ಬನ್ ಪಾರ್ಕ್, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ. ಗಂಡುಮಕ್ಕಳನ್ನು ಯಂತ್ರಗಳ ಮುಂದಿನಿಂದ ಎಳೆದು ತರಬೇಕಾಯಿತು. ಮಧ್ಯಾಹ್ನ ಮೂರೂವರೆಗೆ ಎರಡು ಆಟೋಗಳಲ್ಲಿ ಆ ಬೀದಿಗೆ ಹೊರಟೆವು. ನೋಡಿದರೆ ನ್ಯಾಮತಿಯವಳು ಮಗಳನ್ನು ಕರೆದುಕೊಂಡು ನಮ್ಮ ಆಟೋದೊಳಗೇ ಹತ್ತಿ ಕುಳಿತಿದ್ದಳು. ನಾನೇನೂ ಕೇಳಲಿಲ್ಲ, ಅವಳೇನೂ ಹೇಳಲಿಲ್ಲ.

ಬೀದಿ ಗುರುತು ಸಿಗಲಿಲ್ಲ. ಎರಡು ಸಲ ಈ ತುದಿಯಿಂದ ಆ ತುದಿಗೆ ನಡೆದೆವು. ಮೂರನೇ ಸಲ ಅಮ್ಮಿ ಒಂದು ಹೊಂಗೆ ಮರದ ಕೆಳಗೆ ನಿಂತರು. ಮನೆಯ ಮೇಲೆ ಇನ್ನೊಂದು ಮಹಡಿ ಎದ್ದಿತ್ತು, ಬಣ್ಣ ಬದಲಾಗಿತ್ತು, ತೋರಣ ಪ್ಲಾಸ್ಟಿಕ್‌ನದಾಗಿತ್ತು. ಬಾಗಿಲು ತೆರೆದದ್ದು ಸೊಸೆ. ನಮ್ಮ ಬುರ್ಖಾಗಳ ಸಾಲನ್ನು ಕಂಡು ಮೊದಲು ಗಾಬರಿಯಾದಳು, ಪಾಪ. ಅತ್ತೆ ಈಗ ಮಗಳ ಜೊತೆ ತುಮಕೂರಿನಲ್ಲಿ ಇದ್ದಾರೆ, ಬೆಂಗಳೂರಿಗೆ ಬರುವುದು ಅಪರೂಪ ಎಂದಳು. ನಾನು ವಿಷಯ ಹೇಳಿದ ಮೇಲೆ ಫೋನು ಹಚ್ಚಿ, ಎರಡು ಮಾತು ಹೇಳಿ, ಅಮ್ಮಿಯ ಕೈಗೆ ಕೊಟ್ಟಳು.

ಅಮ್ಮಿಯ ಕನ್ನಡ ಅಷ್ಟಕ್ಕಷ್ಟೇ. "ನಾನು ಚನ್ನಗಿರಿ... ಆಸ್ಪತ್ರೆ... ನಮಾಝ್..." ಎಂದರು. ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಸ್ಪೀಕರ್ ಹಾಕದೆಯೂ ನಮಗೆಲ್ಲ ಕೇಳುವಷ್ಟು ಜೋರಾಗಿ, "ಮಂಡಕ್ಕಿ ಅಮ್ಮನಾ? ಆಮೇಲೆ ಯಾಕ್ರೀ ಬರಲೇ ಇಲ್ಲ? ಯಜಮಾನರು ಹೇಗಿದ್ದಾರೆ?" ಎಂದರು.

ಅಮ್ಮಿ ಏನು ಉತ್ತರ ಕೊಟ್ಟರು ಎಂದು ನನಗೆ ಸರಿಯಾಗಿ ಗೊತ್ತಿಲ್ಲ. ನಾನು ಹೊರಗೆ ಹೊಂಗೆ ಮರದ ಹತ್ತಿರ ಬಂದುಬಿಟ್ಟಿದ್ದೆ. ಒಳಗೆ ಹೋದಾಗ ಅಸರ್ ಆಗಿತ್ತು. ಸೊಸೆ ಹಿಂದಿನ ಕೋಣೆಯ ಬಾಗಿಲು ತೆರೆದು, ಮಂಚದ ಮೇಲಿದ್ದ ಬಟ್ಟೆಗಳನ್ನು ಬದಿಗೆ ಸರಿಸುತ್ತಿದ್ದಳು. ಅಮ್ಮಿ ಎರಡು ರಕಅತ್ ಮುಗಿಸಿ ಬರುವಷ್ಟರಲ್ಲಿ ಚಹಾ ಸಿದ್ಧವಾಗಿತ್ತು. ಚನ್ನಗಿರಿಯಿಂದ ರೈಲಿನಲ್ಲಿ ಎಲ್ಲರ ಕಾಲಿಗೂ ತೊಡರಿದ ದೊಡ್ಡ ಮಂಡಕ್ಕಿ ಚೀಲವನ್ನು ಅಲ್ಲೇ ಬಿಟ್ಟೆವು.

ನಿಕಾಹ್‌ನ ಬಟ್ಟೆಯನ್ನು ನ್ಯಾಮತಿಯವಳು ದಾವಣಗೆರೆಯಲ್ಲಿ ತೆಗೆದಳು. ಬೆಂಗಳೂರಿಗಿಂತ ಅಗ್ಗವಾಯಿತು ಎಂದು ಈಗಲೂ ಹೇಳುತ್ತಾಳೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಈ ವರ್ಷದ ರಜೆಗೆ ಮತ್ತೆ ನೋಟ್‌ಬುಕ್ ತೆಗೆದಿದ್ದೇನೆ. ಮಕ್ಕಳು ಸಮುದ್ರ ಎನ್ನುತ್ತಿದ್ದಾರೆ. ಅಮ್ಮಿ ಮೊದಲನೆಯ ಸಾಲಿನಲ್ಲೇ ತುಮಕೂರು ಎಂದು ಬರೆಸಿದ್ದಾರೆ. ತುಮಕೂರಿನಿಂದ ಸಮುದ್ರಕ್ಕೆ ದಾರಿ ಹೇಗೆ ಎಂದು ಈಗ ಹುಡುಕುತ್ತಿದ್ದೇನೆ.